ಗುಳೆ ಹೋದ ಕತ್ತಿ



ಸಂಘದವರು ನನಗೆ ಕೊಟ್ಟ ವಿಷಯ ಹಾಲಿವುಡ್ಡಿನ ಆಚೆಯ ಯುದ್ಧ ಚಿತ್ರಗಳು. ವಿಷಯ ದೊಡ್ಡದು, ಸಿಕ್ಕಿರುವುದು ಒಂದು ತಾಸು. ಹೀಗಾಗಿ ಜಗತ್ತು ಸುತ್ತುವ ಆಸೆ ಬಿಟ್ಟು, ಕಂಡಕಂಡವರ ಜೊತೆ ನಾನು ಜಗಳಾಡಿಕೊಂಡು ಬಂದ ಒಂದೇ ಮಾತು ಹೇಳುತ್ತೇನೆ. ಕನ್ನಡದ ಅಸಲಿ ಯುದ್ಧ ಚಿತ್ರ 1978ರ 'ಒಂದಾನೊಂದು ಕಾಲದಲ್ಲಿ'. ಗಿರೀಶ ಕಾರ್ನಾಡರದು.

ಹೀಗೆ ಅಂದ ಕೂಡಲೇ "ಮುತ್ತಿನ ಹಾರ ಎಲ್ಲಿ ಹೋಯ್ತ್ರೀ?" ಅಂತ ಯಾರಾದರೂ ಏಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 1990ರಲ್ಲಿ ರಾಜೇಂದ್ರಸಿಂಗ್ ಬಾಬು ತೆಗೆದ ಆ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ವಿಷ್ಣುವರ್ಧನ್ ಕೊಡಗಿನ ಸಿಪಾಯಿ, ಸುಹಾಸಿನಿ ದಾದಿ. ಬಾಲಮುರಳಿಕೃಷ್ಣರ ದನಿಯಲ್ಲಿ ಹಂಸಲೇಖರ ಹಾಡು ಕೇಳಿ ಕಣ್ಣು ಒರೆಸಿಕೊಂಡವರಲ್ಲಿ ನಾನೂ ಒಬ್ಬ. ಒಂದು ಸಂಸಾರವನ್ನು ಯುದ್ಧ ಹೇಗೆ ಕಂತುಕಂತಾಗಿ ತಿನ್ನುತ್ತದೆ ಎಂಬುದನ್ನು ಅದು ತೋರಿಸಿತು. ಆದರೆ ಅಲ್ಲಿ ಯುದ್ಧದ ಬಗ್ಗೆ ಸಂಶಯವಿಲ್ಲ. ದುಃಖವಿದೆ, ಪ್ರಶ್ನೆಯಿಲ್ಲ. ನನಗೆ ಬೇಕಾದದ್ದು ಪ್ರಶ್ನೆ ಕೇಳುವ ಸಿನಿಮಾ.

ರಷ್ಯದವರು ಅಂಥದ್ದನ್ನು ತೆಗೆದರು. ಚುಖ್ರಾಯ್ ಎಂಬ ನಿರ್ದೇಶಕನ 'ಬ್ಯಾಲಡ್ ಆಫ್ ಎ ಸೋಲ್ಜರ್', 1959ರದ್ದು. ಹತ್ತೊಂಬತ್ತರ ಹುಡುಗ ಅಲ್ಯೋಶಾ ಎರಡು ಜರ್ಮನ್ ಟ್ಯಾಂಕು ಕೆಡವುತ್ತಾನೆ, ಅದೂ ಹೆದರಿಕೊಂಡೇ. ಪದಕ ಕೊಡುತ್ತೇನೆಂದು ಜನರಲ್ ಅಂದರೆ, ಪದಕ ಬೇಡ, ರಜೆ ಕೊಡಿ, ಅವ್ವನನ್ನು ನೋಡಬೇಕು, ಮನೆ ಸೋರುತ್ತಿದೆ, ಸರಿಮಾಡಿ ಬರುತ್ತೇನೆ ಅನ್ನುತ್ತಾನೆ. ಮಳೆಗೆ ಮುಂಚೆ ಮಾಳಿಗೆ ಮೇಲೆ ಮಣ್ಣು ಹಾಕಿಸಿದ ನಮಗೆ ಈ ಹುಡುಗ ಪರ ಊರಿನವನೇನ್ರಿ? ಅವನ ರಜೆಯೆಲ್ಲ ರೈಲಿನಲ್ಲಿ, ಅವರಿವರ ಕಷ್ಟಕ್ಕೆ ಆಗುವುದರಲ್ಲಿ ಮುಗಿದುಹೋಗುತ್ತದೆ. ತಾಯಿಯ ಜೊತೆ ಸಿಗುವುದು ಕೆಲವೇ ನಿಮಿಷ. ಮನೆ ಸೋರುತ್ತಲೇ ಇರುತ್ತದೆ. ಅವನು ಮತ್ತೆ ಬರುವುದಿಲ್ಲ ಎಂಬುದನ್ನು ಸಿನಿಮಾ ಮೊದಲಿಗೇ ಹೇಳಿಬಿಟ್ಟಿರುತ್ತದೆ.

ತಾರ್ಕೋವ್ಸ್ಕಿ 1962ರಲ್ಲಿ 'ಇವಾನ್ಸ್ ಚೈಲ್ಡ್‌ಹುಡ್' ತೆಗೆದ, ಕ್ಲಿಮೋವ್ 1985ರಲ್ಲಿ 'ಕಮ್ ಅಂಡ್ ಸೀ' ತೆಗೆದ. ಎರಡರಲ್ಲೂ ಯುದ್ಧ ಕಾಣುವುದು ಒಬ್ಬ ಹುಡುಗನ ಕಣ್ಣಿಗೆ. ಹುಡುಗನ ಕಣ್ಣು ಅಂದ ತಕ್ಷಣ ನನಗೆ ನೆನಪಾಗುವುದು 1973ರ 'ಕಾಡು'. ಆಲನಹಳ್ಳಿಯವರ ಕಾದಂಬರಿ, ಕಾರ್ನಾಡರ ನಿರ್ದೇಶನ. ಎರಡು ಹಳ್ಳಿಗಳ ಹಗೆ ಕೊಲೆಗೆ ತಿರುಗುವುದನ್ನು ಕಿಟ್ಟಿ ಎಂಬ ಹುಡುಗ ನೋಡುತ್ತಾನೆ. ಏನೂ ತಿಳಿಯುವುದಿಲ್ಲ, ಎಲ್ಲವೂ ಕಾಣುತ್ತದೆ.

ಅದಾಗಿ ಐದು ವರ್ಷಕ್ಕೆ 'ಒಂದಾನೊಂದು ಕಾಲದಲ್ಲಿ' ಬಂತು. ಹೊಯ್ಸಳರ ಕಾಲ ಅನ್ನುತ್ತಾರೆ, ಆದರೆ ಹೊಯ್ಸಳ ದೊರೆ ಎಲ್ಲೂ ಕಾಣುವುದಿಲ್ಲ. ಎರಡು ಪಾಳೆಯಗಳ ಹಗೆ, ಅದರಲ್ಲಿ ಹಣಕ್ಕೆ ಕಾದಾಡಲು ಬಂದ ಗಂಡುಗಲಿ. ಶಂಕರ್ ನಾಗ್ ಮೊದಲ ಬಾರಿ ತೆರೆಗೆ ಬಂದದ್ದು ಆ ವೇಷದಲ್ಲಿ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಅನಿಸಿಕೊಂಡ. ಎದುರು ಪಾಳೆಯದಲ್ಲಿ ಪೆರ್ಮಾಡಿ, ಆ ವೇಷ ಸುಂದರಕೃಷ್ಣ ಅರಸ್ ಅವರದು. ಕಡೆಗೆ ಇಬ್ಬರಿಗೂ ತಿಳಿಯುವುದೇನು? ವೈರಿ ಎದುರಿಗಿಲ್ಲ, ಅನ್ನ ಹಾಕುವವನೇ ಮೋಸ ಮಾಡಿದ್ದಾನೆ. ಇಬ್ಬರೂ ಒಂದಾಗುತ್ತಾರೆ.

ಜಪಾನಿನ ನಿರ್ದೇಶಕ ಕುರೊಸಾವಾನ ಋಣವನ್ನು ಕಾರ್ನಾಡರು ಮುಚ್ಚಿಡಲಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿರಿ. 1954ರ 'ಸೆವೆನ್ ಸಮುರಾಯ್'ನಲ್ಲಿ ಏಳು ಜನ ಹೊಟ್ಟೆಗೆ ಅನ್ನವಷ್ಟೇ ಕೂಲಿ ಎಂದು ಒಪ್ಪಿ ರೈತರ ಹಳ್ಳಿ ಕಾಯುತ್ತಾರೆ. ಅಲ್ಲಿ ಕಾಯಲು ಒಂದು ಊರಾದರೂ ಇದೆ. ಗಂಡುಗಲಿಗೆ ಅದೂ ಇಲ್ಲ. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಗೋವಾಕ್ಕೋ ಮುಂಬೈಗೋ ಗುಳೆ ಹೋಗುತ್ತಾರಲ್ಲ, ಅವನೂ ಹಾಗೇ ಗುಳೆ ಹೋದವನು. ಇವರ ಕೈಯಲ್ಲಿ ಸಲಿಕೆ, ಅವನ ಕೈಯಲ್ಲಿ ಕತ್ತಿ. ಮುಕಾದಮ ಮುಂಗಡ ಕೊಟ್ಟ, ಇವನು ಬಂದ. ಕಟ್ಟುತ್ತಿರುವುದು ಯಾರ ಮನೆ, ಕೆಡವುತ್ತಿರುವುದು ಯಾರದು, ಕೇಳುವ ಹಕ್ಕು ಅವನಿಗಿಲ್ಲ. ಯುದ್ಧವನ್ನು ದುಡಿಮೆಯಾಗಿ ನೋಡಿದ ಇನ್ನೊಂದು ಕನ್ನಡ ಚಿತ್ರ ನಾನು ಕಂಡಿಲ್ಲ.

ಈ ಮಾತಿಗೆ ನನ್ನನ್ನು ಬೈದವರು ನನ್ನ ಹೈಸ್ಕೂಲಿನ ಇತಿಹಾಸದ ಮಾಸ್ತರರು. ನಿವೃತ್ತರಾಗಿದ್ದರು. ಸಿನಿಮಾ ನೋಡಿ ಬಂದು, "ಕಾರಣ ಇಲ್ಲದ್ದು ಯುದ್ಧ ಅಲ್ಲೋ ತಮ್ಮಾ, ಅದು ಬಡಿದಾಟ" ಅಂದರು. ಅವರ ಲೆಕ್ಕದಲ್ಲಿ ಯುದ್ಧಕ್ಕೆ ಧ್ವಜ ಬೇಕು, ತಾರೀಖು ಬೇಕು, ಪರಿಣಾಮ ಬೇಕು. ಆದರೆ ಇದೇ ಮಾಸ್ತರರು ನಮ್ಮನ್ನು ವಿಜಯಪುರದ ಮಲಿಕ್-ಎ-ಮೈದಾನ ತೋಪಿನ ಹತ್ತಿರ ಕರೆದುಕೊಂಡು ಹೋಗಿದ್ದರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಿಸಿಲಲ್ಲೂ ತಣ್ಣಗಿರುತ್ತದೆ, ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುತ್ತದೆ. ಎಲ್ಲ ಹುಡುಗರೂ ತಟ್ಟಿ ತಟ್ಟಿ ಕೇಳುತ್ತಿದ್ದಾಗ ಮಾಸ್ತರರು, "ಇದನ್ನ ಎಳೆಯಾಕ ನಾನೂರು ಎತ್ತು ಹೂಡಿದ್ದರಂತ. ಆ ಎತ್ತು ಯಾರವು?" ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನನ್ನ ಸಿನಿಮಾ ನೋಟ ಹುಟ್ಟಿದ್ದು ಆ ಪ್ರಶ್ನೆಯಿಂದ. ಅದನ್ನು ಕೊಟ್ಟವರೇ ಮುಂದೆ ಧ್ವಜ ಬೇಕು ಅಂದರು, ಏನು ಮಾಡುವುದು!

ಆ ತೋಪು ರಕ್ಕಸಗಿ-ತಂಗಡಗಿಯಲ್ಲಿ ಸಿಡಿಯಿತೆಂದು ಹೇಳುತ್ತಾರೆ. 1565ರ ಜನವರಿ. ಒಂದು ಕಡೆ ವಿಜಯನಗರದ ಅಳಿಯ ರಾಮರಾಯ, ಇನ್ನೊಂದು ಕಡೆ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರದ ಸುಲ್ತಾನರು. ರಾಮರಾಯನ ತಲೆ ಹೋಯಿತು, ಹಂಪಿ ಹಾಳಾಯಿತು. ಇಷ್ಟು ನಿಮಗೆಲ್ಲ ಗೊತ್ತು. ಆ ಎರಡೂ ಹಳ್ಳಿ ನಮ್ಮ ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ದಂಡೆಯಲ್ಲಿವೆ ಎಂಬುದನ್ನು ಮಾತ್ರ ನಾವೇ ಮರೆಯುತ್ತೇವೆ.

ಇದೇ ಯುದ್ಧದ ಮೇಲೆ ಕಾರ್ನಾಡರು 2018ರಲ್ಲಿ 'ರಾಕ್ಷಸ-ತಂಗಡಿ' ನಾಟಕ ಪ್ರಕಟಿಸಿದರು, ಮರುವರ್ಷ ತೀರಿಕೊಂಡರು. ನಾನು ಕಂಡುಕೊಂಡದ್ದು ಇಷ್ಟು: 'ಕಾಡು', 'ಒಂದಾನೊಂದು ಕಾಲದಲ್ಲಿ', 'ರಾಕ್ಷಸ-ತಂಗಡಿ' ಮೂರೂ ಸೇರಿ ಒಂದೇ ಯುದ್ಧ ಚಿತ್ರ. ಮೊದಲನೆಯದರಲ್ಲಿ ನೋಡುವ ಹುಡುಗ, ಎರಡನೆಯದರಲ್ಲಿ ಕಾದುವ ಕೂಲಿ, ಮೂರನೆಯದರಲ್ಲಿ ಕಾದಿಸುವ ಮುದುಕ. ಆ ಮುದುಕನೂ ಒಂದು ಕಾಲಕ್ಕೆ ಕೂಲಿಯೇ. ವಿಜಯನಗರಕ್ಕೆ ಬರುವ ಮುಂಚೆ ರಾಮರಾಯ ಗೋಲ್ಕೊಂಡದ ಕುತುಬಶಾಹನ ಚಾಕರಿಯಲ್ಲಿದ್ದ ಎಂದು ಗೋಲ್ಕೊಂಡದ ಕಡೆಯ ಚರಿತ್ರೆ ಹೇಳುತ್ತದೆ. ಅವನು ವಿಜಾಪುರದ ಅಲಿ ಆದಿಲಶಾಹನನ್ನು ಮಗನ ಹಾಗೆ ಕಂಡಿದ್ದ ಎಂಬುದನ್ನು ಚರಿತ್ರೆಕಾರ ಫೆರಿಸ್ತಾ ಬರೆದಿದ್ದಾನೆ. ರಕ್ಕಸಗಿ-ತಂಗಡಗಿಯ ಕಾಳಗವನ್ನು ಎರಡು ಧರ್ಮಗಳ ಯುದ್ಧವೆಂದು ಸಿನಿಮಾ ಮಾಡಹೊರಟವರು ಈ ಎರಡು ಸಂಗತಿಯನ್ನು ಎಲ್ಲಿಡುತ್ತಾರೆ?

ನನಗೆ ಆ ಸಿನಿಮಾ ಬೇರೆ ಕಡೆಯಿಂದ ಬೇಕು. ಜನವರಿ ಕೊನೆ ಅಂದರೆ ನಮ್ಮಲ್ಲಿ ಏನು ಕಾಲ? ಬಿಳಿಜೋಳ ತೆನೆ ಹಿಡಿದು ನಿಂತಿರುತ್ತದೆ, ಸೀತನಿ ಸುಡುವ ದಿನಗಳು. ಆ ಎರಿಭೂಮಿಯ ಮೇಲೆ ಐದು ರಾಜ್ಯಗಳ ಕುದುರೆ, ಆನೆ, ಎತ್ತು, ಕಾಲಾಳು. ಹೊಲದವನು ಆ ವರ್ಷ ಏನು ಉಂಡ? ಯಾವ ತವಾರೀಖಿನಲ್ಲೂ ಅವನಿಲ್ಲ. ಕ್ಯಾಮೆರಾ ಜೋಳದ ದಂಟಿನ ಎತ್ತರಕ್ಕೆ ಇಳಿದರೆ ಮಾತ್ರ ಅವನು ಕಂಡಾನು.

ಇಷ್ಟೆಲ್ಲ ಹೇಳಿದೆ, ಆದರೂ ಮಾಸ್ತರರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. 'ಕಮ್ ಅಂಡ್ ಸೀ'ಯ ಹುಡುಗ ಯಾರ ಮುಂಗಡಕ್ಕೂ ಬಂದೂಕು ಹಿಡಿಯಲಿಲ್ಲ, ತಾನಾಗಿ ಹೋದ. ಊರಿಗೆ ಊರೇ ಸುಡುವವರು ಎದುರಿಗಿದ್ದಾಗ ಯುದ್ಧಕ್ಕೆ ಕಾರಣ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾದರೆ ಅವನೂ ಗಂಡುಗಲಿಯೂ ಒಂದೇ ಸಾಲಿನವರೇ? ನಮ್ಮ ಜಿಲ್ಲೆಯಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಹಳ್ಳಿಹಳ್ಳಿಯಿಂದ ಹುಡುಗರು ಸೈನ್ಯಕ್ಕೆ ಸೇರಿದ್ದಾರೆ. ನೌಕರಿಗಾಗಿ ಹೋದಿರೋ ದೇಶಕ್ಕಾಗಿಯೋ ಎಂದು ಕೇಳಿದರೆ ಎರಡೂ ಅನ್ನುತ್ತಾರೆ. ಆ 'ಎರಡೂ' ನನ್ನ ವಾದದಲ್ಲಿ ಎಲ್ಲಿ ಕೂರುತ್ತದೆ? ಕಾರ್ನಾಡರೇ ಕೊನೆಗೆ ಕೂಲಿಯವನನ್ನು ಬಿಟ್ಟು ರಾಮರಾಯನ ಕಡೆ ಹೊರಳಿದ್ದೇಕೆ? ಗಂಡುಗಲಿಯಿಂದ ಇತಿಹಾಸ ಹೇಳಿಸಲು ಆಗುವುದಿಲ್ಲ ಎಂದು ಅವರಿಗೂ ಅನ್ನಿಸಿತೇ?

ಈ ಸಭೆಯಲ್ಲಿ ರಕ್ಕಸಗಿ, ತಂಗಡಗಿ ಕಡೆ ಬೀಗರಿರುವವರು ಬಹಳ ಮಂದಿ ಇದ್ದೀರಿ. ಅಲ್ಲಿಯ ಮುದುಕಿಯರನ್ನು ಒಮ್ಮೆ ಕೇಳಿ ನೋಡ್ರಿ. ಆ ಯುದ್ಧದ ಹೆಸರಿನ ಹೊಲ, ಬೀಸುವಾಗಿನ ಪದ, ಬಾಯಿಮಾತಿನ ಕಥೆ ಏನಾದರೂ ಉಳಿದಿದ್ದರೆ ಬರೆದುಕೊಂಡು ಸಂಘಕ್ಕೆ ತಲುಪಿಸಿರಿ. ಆ ಸಿನಿಮಾ ತೆಗೆಯುವವರು ಎಂದಾದರೂ ಬಂದರೆ ಅವರ ಕೈಗೆ ಕೊಡಲು ನಮ್ಮ ಹತ್ತಿರ ಏನಾದರೂ ಇರಲಿ.