ಸೊಪ್ಪು ಮಾರುವವರ ಮನೆಯ ಊಟ



ಬೆಂಗಳೂರಿನ ಪೂರ್ವಕ್ಕಿರುವ ಲಿಂಗರಾಜಪುರ ಒಂದು ಕಾಲಕ್ಕೆ ಹಳ್ಳಿ. ಈಗ ಅಲ್ಲಿ ಹೊಲವಿಲ್ಲ, ಬರೀ ಮನೆಗಳು. ಆದರೂ ಬೆಳಗಾಯಿತೆಂದರೆ ನಿಮ್ಮಂಥವರ ಹೊಲದ ಸೊಪ್ಪು ಅಲ್ಲಿಯ ಬೀದಿಗೆ ಬಂದು ಕೂತಿರುತ್ತದೆ. ದಂಟು, ಮೆಂತ್ಯ, ಸಬ್ಬಸಿಗೆ, ಚಕ್ಕೋತ, ನುಗ್ಗೆಸೊಪ್ಪು, ಎಲ್ಲ ಕಟ್ಟು ಕಟ್ಟಾಗಿ.

ಹಾಗೆ ಸೊಪ್ಪು ತರುವ ಒಬ್ಬ ತಾಯಿಯನ್ನು ನಾನು ಬಲ್ಲೆ. ಹೊಸಕೋಟೆಯ ಕಡೆಯವರು. ಒಂದು ದಿನ ಬುಟ್ಟಿ ಇಳಿಸಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಮುಖವೆಲ್ಲ ಬಿಳಿಚಿಕೊಂಡಿತ್ತು.

"ಬೆಳಗ್ಗೆ ಏನಮ್ಮಾ ತಿಂದಿರಿ?" ಎಂದೆ.

"ತಿನ್ನಾಕೆ ಎಲ್ಲಿ ಸಾಮಿ ಹೊತ್ತು? ಕಾಪಿ ಕುಡುದು ಬಸ್ಸು ಹತ್ತಿದೆ."

"ರಾತ್ರಿ?"

"ಮುದ್ದೆ, ಹುಣಸೆ ಗೊಜ್ಜು."

"ಸೊಪ್ಪಿನ ಸಾರು ಮಾಡಲಿಲ್ಲವೆ?"

ಅವರು ನಕ್ಕುಬಿಟ್ಟರು. "ಸೊಪ್ಪು ನಾವೇ ತಿಂದ್ರೆ ಮಾರೋದೇನು ಸಾಮಿ?"

ಮನೆಯಲ್ಲಿ ಅವರನ್ನು ಮೈಗಳ್ಳಿ ಎನ್ನಲು ಶುರುಮಾಡಿದ್ದರಂತೆ. ಕಳೆ ಕೀಳುವಾಗ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಾಳೆ, ಅಂತ. ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ 8 ಗ್ರಾಂ. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇರಬಾರದು. ಮೈಗಳ್ಳತನ ಎಲ್ಲಿ ಬಂತು ಹೇಳಿ!

ರಕ್ತವನ್ನು ಕೆಂಪಗೆ ಮಾಡುವುದು ಕಬ್ಬಿಣದ ಅಂಶ. ನಾವು ಎಳೆದುಕೊಂಡ ಉಸಿರಿನ ಪ್ರಾಣವಾಯುವನ್ನು ಕೈಕಾಲುಗಳ ಸ್ನಾಯುಗಳಿಗೆ ಹೊತ್ತು ಮುಟ್ಟಿಸುವ ಕೆಲಸವೂ ಅದರದೇ. ಒಲೆಯ ತುಂಬ ಸೌದೆ ಇದ್ದರೂ ಗಾಳಿ ಆಡದಿದ್ದರೆ ಹೊಗೆ ಬರುತ್ತದೆಯೇ ಹೊರತು ಉರಿ ಏಳುವುದಿಲ್ಲ. ಹೊಟ್ಟೆ ತುಂಬ ಮುದ್ದೆ ಉಂಡೂ ಸುಸ್ತು ಎನ್ನುವವರ ಮೈಯಲ್ಲಿ ಆಗುವುದು ಬಹುಪಾಲು ಇದೇ. ಸಿಂಹಳದ ಚಹಾ ತೋಟಗಳಲ್ಲಿ ಇದನ್ನು ಪರೀಕ್ಷಿಸಿ 1979ರಲ್ಲಿ ಪ್ರಕಟಿಸಿದರು. ರಕ್ತ ಕಡಿಮೆಯಿದ್ದ ಹೆಣ್ಣಾಳುಗಳಿಗೆ ಕಬ್ಬಿಣದ ಔಷಧಿ ಕೊಟ್ಟ ಮೇಲೆ ಅವರು ಕೊಯ್ಯುವ ಎಲೆಯ ತೂಕ ಹೆಚ್ಚಿತು. ನಮ್ಮ ಕರ್ನಾಟಕದಲ್ಲಿ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆ ಕಂಡಿತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು!

"ರಾಗಿ ತಿಂದವನು ನಿರೋಗಿ ಅಂತೀರಲ್ಲ ಮತ್ತೆ?" ಎಂದು ನೀವು ಕೇಳಬಹುದು. ರಾಗಿಗೆ ನಾನು ಕೈಮುಗಿಯುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟದು. ಕಬ್ಬಿಣವೂ ಅಕ್ಕಿಗಿಂತ ಎಷ್ಟೋ ಹೆಚ್ಚು. ಆದರೆ ರಾಗಿ ತನ್ನ ಕಬ್ಬಿಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಆ ಹಿಡಿತ ಸಡಿಲುತ್ತದೆ. ಮಕ್ಕಳ ಗಂಜಿಗೆ ಅಜ್ಜಿಯಂದಿರು ಮೊಳಕೆ ರಾಗಿಯನ್ನೇ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ.

ಮುದ್ದೆಗೆ ಜೊತೆ ಬೇಕು. ನಮ್ಮ ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದಕ್ಕೇ ಖಾರ ಅರೆದು ಹಾಕಿ ಸಾರು ಮಾಡುತ್ತೇವೆ. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೆಂದ ನೀರಿಗೆ ಇಳಿದ ಸತ್ವವೂ ತಟ್ಟೆಗೇ ಬಂತು. ಹುರುಳಿಯಾಗಲಿ, ಅಲಸಂದೆಯಾಗಲಿ, ಅವರೆಯಾಗಲಿ, ಯಾವುದಿದ್ದರೂ ಸರಿ. ಸಾರು ತಟ್ಟೆಗೆ ಬಿದ್ದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿಕೊಳ್ಳಿ. ಒಲೆಯ ಮೇಲಿರುವಾಗ ಹಿಂಡಬೇಡಿ, ಅದರ ಸಿ ಜೀವಸತ್ವ ಬಿಸಿಗೆ ಕೆಡುತ್ತದೆ. ಆ ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ನಿಂಬೆ ಇಲ್ಲವೆ? ಊಟದ ಜೊತೆ ಒಂದು ಸೀಬೆಹಣ್ಣೋ ನೆಲ್ಲಿಕಾಯೋ ಆದೀತು. ಮಾಂಸ ತಿನ್ನುವವರು ವಾರಕ್ಕೊಮ್ಮೆ ತಂದಾಗ ಈರುಳಿಯ (ಯಕೃತ್ತಿನ) ಚೂರನ್ನು ಮನೆಯ ಹೆಣ್ಣುಮಕ್ಕಳಿಗೂ ಹಾಕಿ; ಅದರ ಕಬ್ಬಿಣ ಬೇಗ ಮೈಗೆ ಸೇರುತ್ತದೆ. ಗರ್ಭಿಣಿಯರು ಮಾತ್ರ ಈರುಳಿ ತಿನ್ನುವ ಮುಂಚೆ ವೈದ್ಯರನ್ನು ಕೇಳಬೇಕು.

ಇನ್ನು ಕಾಫಿ, ಟೀ. ಬಿಡಿ ಎಂದರೆ ಯಾರು ಕೇಳುತ್ತಾರೆ? ನಾನೇ ಬಿಟ್ಟಿಲ್ಲ. ಆದರೆ ಉಂಡ ಕೈ ತೊಳೆದ ಕೂಡಲೇ ಲೋಟ ಹಿಡಿಯಬೇಡಿ. ಊಟದ ಕಬ್ಬಿಣವನ್ನು ಅದು ಮೈಗೆ ಹತ್ತಗೊಡದು. ಒಂದು ಗಂಟೆಯಾದರೂ ಅಂತರವಿರಲಿ.

ಗಂಡಸರಿಗೊಂದು ಮಾತು. ಸಾರಿನ ತಳದ ಕಾಳು, ಸೊಪ್ಪು ನಿಮ್ಮ ತಟ್ಟೆಗೂ ಮಕ್ಕಳ ತಟ್ಟೆಗೂ ಹೋಗಿ, ಕೊನೆಗೆ ಉಣ್ಣುವಾಕೆಗೆ ತಿಳಿ ಮಾತ್ರ ಮಿಕ್ಕಿರುತ್ತದೆ. ಪಾತ್ರೆ ಬಗ್ಗಿಸಿ ನೋಡಿದ್ದೀರಾ? ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವವಳು ಆಕೆ, ಹೆರುವವಳೂ ಆಕೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.

ಆ ತಾಯಿ ಮೂರು ತಿಂಗಳು ಮಾತ್ರೆ ನುಂಗಿದರು, ಊಟವನ್ನೂ ತಿದ್ದಿಕೊಂಡರು. ರಕ್ತ ಹತ್ತೂವರೆಗೆ ಏರಿದೆ. ಮೊನ್ನೆ ಬುಟ್ಟಿಯ ಮೂಲೆಯಲ್ಲಿ ಒಂದು ಕಟ್ಟು ದಂಟನ್ನು ಬೇರೆ ಇಟ್ಟಿದ್ದರು. ಕೊಳ್ಳಲು ಬಂದವರು ಕೈಹಾಕಿದರೆ, "ಅದು ಮಾರಾಕಲ್ಲ ಕಣಮ್ಮಾ" ಅಂದರು.

ರಕ್ತ ತೀರ ಇಳಿದಿದ್ದರೆ ಊಟವೊಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದೀತು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದೀತು. ವೈದ್ಯರು ಕೇಳಿದರೆ ಸಂಕೋಚಪಡದೆ ಹೇಳಿ. ಕೊಕ್ಕೆಹುಳು ಬರಿಗಾಲಿನಿಂದಲೇ ಒಳಹೊಗುತ್ತದೆ, ಆದ್ದರಿಂದ ಹೊಲಕ್ಕೆ ಚಪ್ಪಲಿ ಮೆಟ್ಟಿ ಹೋಗಿ. ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಉಂಡ ಮೇಲೆ ನುಂಗಿ, ನೀರಿನ ಜೊತೆ, ಟೀ ಜೊತೆ ಅಲ್ಲ. ಮಾತ್ರೆಯ ಪೊಟ್ಟಣ ಮಾತ್ರ ಮಕ್ಕಳ ಕೈಗೆ ಸಿಗದಂತೆ ಮೇಲಿಡಿ. ಚಿಕ್ಕವರು ಮಿಠಾಯಿಯೆಂದು ನುಂಗಿದರೆ ಪ್ರಾಣಾಪಾಯ.