ದಮ್ಮಿನ ಗುಳಿಗೆ: ಅಳತೆ ತಪ್ಪದಿರಲಿ

(ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ ನೆಲೆಸಿರುವ ರೈತ ಕುಟುಂಬಗಳು, ಮಾಗಡಿ ಮತ್ತು ಕುಣಿಗಲ್ ಕಡೆಯಿಂದ ಬಂದ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಪಠ್ಯ)



ರಾಗಿಯ ಬಗ್ಗೆಯೋ ಕಳೆಯ ಬಗ್ಗೆಯೋ ಮಾತನಾಡಬೇಕಾದವನು ಇಂದು ಗುಳಿಗೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಇದಕ್ಕೆ ಕಾರಣ ನೀವೇ. ಹೆಸರಿನ ಹಿಂದೆ ‘ಡಾಕ್ಟರ್’ ಎಂದಿರುವುದನ್ನು ಕಂಡು, ಬೆಳೆಯ ವಿಚಾರ ಮುಗಿದ ಮೇಲೆ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು, “ಇದನ್ನು ದಿನಕ್ಕೆ ಎಷ್ಟು ನುಂಗಬಹುದು?” ಎಂದು ಕೇಳುವವರು ಅನೇಕರು. ನನ್ನ ಡಾಕ್ಟರೇಟ್ ಬೇಸಾಯಶಾಸ್ತ್ರದ್ದು. ಔಷಧಿ ಬರೆದುಕೊಡುವ ಅಧಿಕಾರ ನನಗಿಲ್ಲ. ಎಷ್ಟು ನುಂಗಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ವೈದ್ಯರು ಗೊತ್ತುಮಾಡಿದ ಅಳತೆಯನ್ನು ತಪ್ಪದೆ ಪಾಲಿಸುವುದು ಹೇಗೆ, ಅದು ನಮಗೆ ತಿಳಿಯದಂತೆಯೇ ತಪ್ಪುವುದು ಹೇಗೆ ಎಂಬುದು ರೈತನಿಗೆ ಸುಲಭವಾಗಿ ಅರ್ಥವಾಗುವ ವಿಷಯ. ಗೊಬ್ಬರ, ಔಷಧಿಗಳ ಅಳತೆಯಲ್ಲೇ ನಮ್ಮ ಜೀವನ ಕಳೆಯುತ್ತದೆಯಲ್ಲವೇ?

ರೋಗ ಯಾವುದು?

ನಾವು ದಮ್ಮು, ಗೂರಲು, ಉಬ್ಬಸ ಎಂದು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆ ಕಾಯಿಲೆಗಳಿವೆ. ನಡುವಯಸ್ಸು ದಾಟಿದವರಲ್ಲಿ ವರ್ಷದಿಂದ ವರ್ಷಕ್ಕೆ ಕೆಮ್ಮು, ಕಫ, ಏದುಸಿರು ಹೆಚ್ಚುತ್ತಾ ಹೋಗುವ, ಶ್ವಾಸನಾಳಗಳು ಕಿರಿದಾಗಿ ಮತ್ತೆ ಪೂರ್ತಿ ಅಗಲವಾಗದ ಕಾಯಿಲೆಗೆ ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ. 2016ರಲ್ಲಿ ನಮ್ಮ ದೇಶದಲ್ಲಿ ಸುಮಾರು 5.5 ಕೋಟಿ ಜನರಿಗೆ ಇದು ಇತ್ತೆಂದು ಅಂದಾಜು ಮಾಡಲಾಗಿದೆ.

ಬೀಡಿ, ಸಿಗರೇಟು ಇದಕ್ಕೆ ದೊಡ್ಡ ಕಾರಣ. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಎದೆ ಕೆಡುತ್ತದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು ನಡೆಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರಳವಾದ ಲೆಕ್ಕವನ್ನು ಕೊಟ್ಟಿದೆ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂತಿರೆಂಬುದನ್ನು, ಎಷ್ಟು ವರ್ಷ ಕೂತಿರೆಂಬುದರಿಂದ ಗುಣಿಸಿ. ಈ ಗುಣಲಬ್ಧ 60ನ್ನು ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮು ತಗಲುವ ಅಪಾಯ ಗಣನೀಯವಾಗಿ ಹೆಚ್ಚುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷವಾದರೆ ಲೆಕ್ಕ 60ಕ್ಕೆ ಬಂತು. ನಮ್ಮ ತಾಯಂದಿರಲ್ಲಿ ಎಷ್ಟು ಮಂದಿ ಈ ಗಡಿಯನ್ನು ಎಂದೋ ದಾಟಿದ್ದಾರೆಂಬುದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ನಾವು ಮಾತನಾಡುತ್ತಿರುವ ಗುಳಿಗೆ

ಈ ಕಾಯಿಲೆಗೆ ನಮ್ಮ ಕಡೆ ಬಹುಕಾಲದಿಂದ ಬಳಕೆಯಲ್ಲಿರುವ ಗುಳಿಗೆ ಥಿಯೋಫಿಲಿನ್. ಎಟೋಫಿಲಿನ್ ಜೊತೆ ಬೆರೆಸಿದ ರೂಪದಲ್ಲಿ, ಡೆರಿಫಿಲಿನ್ ಎಂಬ ಹೆಸರಿನಲ್ಲಿ, ಅನೇಕರಿಗೆ ಇದು ಪರಿಚಿತ. ಜರ್ಮನಿಯ ಆಲ್‌ಬ್ರೆಕ್ಟ್ ಕೊಸ್ಸೆಲ್ 1888ರಲ್ಲಿ ಇದನ್ನು ಚಹದ ಎಲೆಯಿಂದ ಬೇರ್ಪಡಿಸಿದರು. ಕಾಫಿಯಲ್ಲಿರುವ ಕೆಫೀನ್ ಇದಕ್ಕೆ ಹತ್ತಿರದ ಬಂಧು. ಹಾಗೆಂದು ಚಹ ಕುಡಿದು ದಮ್ಮು ವಾಸಿಮಾಡಿಕೊಳ್ಳಲಾಗದು. ಎಲೆಯಲ್ಲಿ ಇದರ ಅಂಶ ಅತ್ಯಲ್ಪ.

ಗುಳಿಗೆ ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ. ಉಪಯುಕ್ತ ಔಷಧಿಯೇ ಸರಿ. ಇದರ ತೊಡಕೆಂದರೆ ಗುಣ ಕೊಡುವ ಅಳತೆಗೂ ವಿಷವಾಗುವ ಅಳತೆಗೂ ನಡುವಿನ ಅಂತರ ಬಹಳ ಕಿರಿದು. ಒಂದು ಲೀಟರ್ ರಕ್ತದ್ರವದಲ್ಲಿ 10ರಿಂದ 20 ಮಿಲಿಗ್ರಾಂ ಇರಬೇಕೆಂಬುದು ಹಳೆಯ ನಿಯಮ. 5ರಿಂದ 15 ಇದ್ದರೂ ಸಾಕೆಂಬುದು ಈಚಿನ ಅಭಿಪ್ರಾಯ. 20ನ್ನು ಮೀರಿದಂತೆಲ್ಲ ಅಪಾಯ ಏರುತ್ತದೆ.

ಒಂದೇ ಗುಳಿಗೆ, ಬೇರೆ ಬೇರೆ ದೇಹ

ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ, ನೀರಾವರಿ ರಾಗಿಗೆ 100 ಕಿಲೋ ಎಂದು ನಾವು ಶಿಫಾರಸು ಮಾಡುತ್ತೇವೆ. ಬೆಳೆ ಒಂದೇ, ಅಳತೆ ಬೇರೆ. ಮರಳು ಮಿಶ್ರಿತ ಕೆಂಪು ನೆಲದಲ್ಲಿ ಹಾಕಿದ ಯೂರಿಯಾ ಬೇಗ ಬಸಿದುಹೋಗುತ್ತದೆ. ಎರೆನೆಲದಲ್ಲಿ ಹೆಚ್ಚು ದಿನ ನಿಲ್ಲುತ್ತದೆ. ಥಿಯೋಫಿಲಿನ್ ವಿಷಯದಲ್ಲಿ ನಮ್ಮ ಪಿತ್ತಜನಕಾಂಗವೇ ಈ ನೆಲ. ಔಷಧಿಯನ್ನು ಕರಗಿಸಿ ಹೊರಹಾಕುವ ಕೆಲಸ ಅದರದು. ಬೀಡಿ ಸೇದದ ಆರೋಗ್ಯವಂತನ ರಕ್ತದಲ್ಲಿ ಈ ಔಷಧಿ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು. ಬೀಡಿ ಸೇದುವವನಲ್ಲಿ 4–5 ಗಂಟೆ ಸಾಕು. ಪಿತ್ತಜನಕಾಂಗ ಕೆಟ್ಟವರಲ್ಲಿ, ಹೃದಯ ದುರ್ಬಲವಾದವರಲ್ಲಿ ಇಡೀ ದಿನವೇ ಹಿಡಿಯಬಹುದು. ಆದ್ದರಿಂದ ಪಕ್ಕದ ಮನೆಯವರಿಗೆ ಒಗ್ಗಿದ ಗುಳಿಗೆ ನಿಮಗೆ ಒಗ್ಗುತ್ತದೆಂಬ ನಂಬಿಕೆ ಬೇಡ.

ಹೊಗೆಯಲ್ಲಿರುವ ಕೆಲವು ಪದಾರ್ಥಗಳು ಪಿತ್ತಜನಕಾಂಗವನ್ನು ಚುರುಕುಗೊಳಿಸಿ ಔಷಧಿಯನ್ನು ಬೇಗ ಕರಗಿಸುತ್ತವೆ. ಹೀಗಾಗಿ ಬೀಡಿ ಸೇದುವವರಿಗೆ ವೈದ್ಯರು ಹೆಚ್ಚಿನ ಅಳತೆ ಬರೆದಿರಬಹುದು. ಬೀಡಿ ಬಿಟ್ಟ ಒಂದು ವಾರದೊಳಗೆ ಈ ಚುರುಕು ಇಳಿಯತೊಡಗುತ್ತದೆ. ಆಗ ಅದೇ ಗುಳಿಗೆ, ಅದೇ ಸಂಖ್ಯೆ, ರಕ್ತದಲ್ಲಿ ಮಾತ್ರ ಔಷಧಿ ಏರುತ್ತದೆ. ವೈದ್ಯರು ಅಳತೆಯನ್ನು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ತಗ್ಗಿಸಬೇಕಾಗಬಹುದು. ಇದು ನಿಕೋಟಿನ್‌ನ ಕೆಲಸವಲ್ಲ, ಹೊಗೆಯ ಕೆಲಸ. ಬೀಡಿಯ ಬದಲು ನಿಕೋಟಿನ್ ಚ್ಯೂಯಿಂಗ್ ಗಮ್ ಜಗಿದರೂ ಔಷಧಿ ಏರಿಯೇ ಏರುತ್ತದೆ.

ಇದನ್ನು ಕೇಳಿ, ಹಾಗಾದರೆ ಬೀಡಿ ಬಿಡದಿರುವುದೇ ಕ್ಷೇಮವೆಂದು ಯಾರೂ ತಿಳಿಯಬಾರದು. ಈ ಕಾಯಿಲೆಯಲ್ಲಿ ಬೀಡಿ ಬಿಡುವುದಕ್ಕಿಂತ ದೊಡ್ಡ ಔಷಧಿಯಿಲ್ಲ. ಬಿಡುವ ಮುನ್ನ ವೈದ್ಯರಿಗೆ ಒಂದು ಮಾತು ತಿಳಿಸಬೇಕು, ಅಷ್ಟೇ. ಬಿಡಲು ಸಹಾಯ ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಗೆ ಕರೆ ಮಾಡಬಹುದು.

ಊರಿನಿಂದ ಮಗನ ಮನೆಗೆ

ಈ ಮಾತನ್ನು ಚಂದ್ರಾ ಲೇಔಟ್‌ನಲ್ಲಿ ಹೇಳಲು ಕಾರಣವಿದೆ. ಇಲ್ಲಿ, ಅತ್ತಿಗುಪ್ಪೆಯಲ್ಲಿ, ನಾಗರಭಾವಿಯಲ್ಲಿ ಮಗನೋ ಮಗಳೋ ಇರುತ್ತಾರೆ, ಜಮೀನು ಊರಲ್ಲಿರುತ್ತದೆ. ಕಣದ ಕೆಲಸ ಮುಗಿಸಿ ಎದೆ ಕಟ್ಟಿಕೊಂಡ ಹಿರಿಯರನ್ನು ಮಕ್ಕಳು ಇಲ್ಲಿಗೆ ಕರೆತರುತ್ತಾರೆ. ಅಪಾಯ ಹುಟ್ಟುವುದು ಈ ಸ್ಥಳ ಬದಲಾವಣೆಯ ದಿನಗಳಲ್ಲಿಯೇ.

ಒಬ್ಬ ಹಿರಿಯರನ್ನು ಊಹಿಸಿಕೊಳ್ಳಿ. ಊರಲ್ಲಿ ದಿನಕ್ಕೆ ಒಂದು ಕಟ್ಟು ಬೀಡಿ, ಎರಡು ಹೊತ್ತು ಗುಳಿಗೆ. ಮಗನ ಮನೆಯಲ್ಲಿ ಮೊಮ್ಮಕ್ಕಳ ಮುಂದೆ ಬೀಡಿ ಸೇದುವಂತಿಲ್ಲ; ಬಿಟ್ಟರು. ಇದು ಮೊದಲನೆಯ ಬದಲಾವಣೆ. ಜ್ವರ ಬಂತು. ಜೋರು ಜ್ವರದಲ್ಲಿಯೂ ಔಷಧಿ ನಿಧಾನವಾಗಿ ಕರಗುತ್ತದೆ, ಇದು ಎರಡನೆಯದು. ಅಂಗಡಿಯಿಂದ ಸಿಪ್ರೋಫ್ಲಾಕ್ಸಾಸಿನ್ ತಂದು ನುಂಗಿಸಿದರು. ಇದು ಥಿಯೋಫಿಲಿನ್ ಕರಗುವುದನ್ನು ತಡೆಯುತ್ತದೆ, ಮೂರನೆಯದು. ದಮ್ಮು ಹೆಚ್ಚಾಯಿತೆಂದು ಬೇರೊಬ್ಬ ವೈದ್ಯರ ಬಳಿ ಹೋದರು; ಹಳೆಯ ಚೀಟಿ ಊರಲ್ಲೇ ಉಳಿದಿತ್ತು. ಬೇರೆ ಹೆಸರಿನಲ್ಲಿ ಅದೇ ಔಷಧಿ ಮತ್ತೆ ಸೇರಿತು, ನಾಲ್ಕನೆಯದು. ಪ್ರತಿಯೊಬ್ಬರೂ ಒಳ್ಳೆಯದನ್ನೇ ಬಯಸಿದರು. ಆದರೂ ಒಂದು ವಾರದಲ್ಲಿ ಆ ಹಿರಿಯರಿಗೆ ವಾಂತಿ, ಕೈ ನಡುಕ, ಎದೆ ಬಡಿತ, ಕೊನೆಗೆ ಸೆಳವು ಬರಬಹುದು. ಪಿತ್ತ ಏರಿದೆ, ಊಟ ಒಗ್ಗಲಿಲ್ಲ ಎಂದು ಮನೆಯವರು ನಿಂಬೆಹಣ್ಣಿನ ಪಾನಕ ಕೊಡುತ್ತಾ ಕೂತರೆ ಜೀವಕ್ಕೇ ಕುತ್ತು.

ಜೊತೆಗೆ ಕೂಡದ ಔಷಧಿಗಳು

ಸಿಪ್ರೋಫ್ಲಾಕ್ಸಾಸಿನ್‌ನಂತೆಯೇ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಹೊಟ್ಟೆಯುರಿಗೆ ಕೊಡುವ ಸಿಮೆಟಿಡಿನ್ ಇವು ಥಿಯೋಫಿಲಿನ್‌ನನ್ನು ರಕ್ತದಲ್ಲಿ ಏರಿಸುತ್ತವೆ. ಇದಕ್ಕೆ ವಿರುದ್ಧವಾಗಿ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಇಳಿಸುತ್ತವೆ; ಆಗ ಗುಳಿಗೆ ನುಂಗಿಯೂ ಗುಣ ಕಾಣದು. ಅಂಥ ಔಷಧಿಯನ್ನು ಪ್ರಾರಂಭಿಸುವಾಗ ಮಾತ್ರವಲ್ಲ, ನಿಲ್ಲಿಸುವಾಗಲೂ ವೈದ್ಯರಿಗೆ ತಿಳಿಸಬೇಕು. ಈಗ ಹೆಚ್ಚಾಗಿ ಬರೆಯುವ ಡಾಕ್ಸೋಫಿಲಿನ್ ಇದೇ ಕುಲದ್ದು. ಇದರ ತೊಂದರೆ ಕಡಿಮೆಯೆನ್ನುತ್ತಾರೆ. ಆದರೂ ಎಚ್ಚರಿಕೆ ಬಿಡುವಂತಿಲ್ಲ.

ನುಂಗುವ ಕ್ರಮ

1. ವೈದ್ಯರು ಬರೆದ ಅಳತೆ, ಬರೆದ ಹೊತ್ತು ಇವನ್ನು ಬದಲಿಸಬೇಡಿ. 12 ಗಂಟೆಗೊಮ್ಮೆ ಎಂದರೆ ಬೆಳಿಗ್ಗೆ 8, ರಾತ್ರಿ 8 ಎಂದು ಹೊತ್ತು ಗೊತ್ತುಮಾಡಿಕೊಳ್ಳಿ.

2. ನಿಧಾನವಾಗಿ ಕರಗುವ ಗುಳಿಗೆಯನ್ನು ಜಗಿಯಬಾರದು, ಕುಟ್ಟಬಾರದು, ನೀರಿನಲ್ಲಿ ಕದಡಬಾರದು. ಬೇವು ಲೇಪಿತ ಯೂರಿಯಾದಂತೆ ಅದು ಸಾವಕಾಶವಾಗಿ ಬಿಡುಗಡೆಯಾಗುವಂತೆ ತಯಾರಾಗಿದೆ. ಪುಡಿ ಮಾಡಿದರೆ ಅರ್ಧ ದಿನದ ಔಷಧಿ ಒಮ್ಮೆಗೇ ರಕ್ತಕ್ಕೆ ಇಳಿಯುತ್ತದೆ. ಮುದುಕರಿಗೆ ನುಂಗಲು ಕಷ್ಟವೆಂದು ಪುಡಿಮಾಡಿ ಕೊಡುವ ಸೊಸೆಯಂದಿರು ಇದನ್ನು ಗಮನಿಸಬೇಕು. ನುಂಗಲಾಗದಿದ್ದರೆ ವೈದ್ಯರಿಗೆ ಹೇಳಿ ಬೇರೆ ರೂಪದ ಔಷಧಿ ಕೇಳಿ.

3. ಊಟಕ್ಕೆ ಮೊದಲೋ ನಂತರವೋ ಎಂದು ವೈದ್ಯರನ್ನು ಕೇಳಿ, ಪ್ರತಿದಿನ ಹಾಗೆಯೇ ನುಂಗಿ.

4. ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ಎಂದಿಗೂ ನುಂಗಬಾರದು.

5. ದಿಢೀರನೆ ದಮ್ಮು ಕಟ್ಟಿದಾಗ ಹೆಚ್ಚುವರಿ ಗುಳಿಗೆ ನುಂಗುವುದು ತಪ್ಪು. ಅದಕ್ಕೆ ಬೇಗ ಕೆಲಸಮಾಡುವ ಇನ್‌ಹೇಲರ್ ಇದೆ.

6. ಅಂಗಡಿಯವರು ಬೇರೆ ಕಂಪನಿಯ ಪಟ್ಟಿ ಕೊಟ್ಟರೆ ಔಷಧಿಯ ಮೂಲ ಹೆಸರು, ಮಿಲಿಗ್ರಾಂ ಎರಡನ್ನೂ ಹಳೆಯ ಪಟ್ಟಿಯೊಡನೆ ಹೋಲಿಸಿ, ವೈದ್ಯರಿಗೆ ತೋರಿಸಿ.

7. ಕಾಫಿ, ಚಹ ಮಿತವಾಗಿರಲಿ. ಗಟ್ಟಿ ಕಾಫಿ ನಡುಕ, ಎದೆಬಡಿತ, ನಿದ್ದೆಗೇಡನ್ನು ಹೆಚ್ಚಿಸುತ್ತದೆ.

8. ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಪೀಡೆನಾಶಕದ ಜೊತೆಯಲ್ಲಿ ಎಂದಿಗೂ ಇಡಬೇಡಿ.

ಅಪಾಯದ ಚಿಹ್ನೆಗಳು

ಪೀಡೆನಾಶಕದ ಡಬ್ಬಿಯ ಮೇಲೆ ಕೆಂಪು ಗುರುತು ಕಂಡರೆ ನಾವು ಹುಷಾರಾಗುತ್ತೇವೆ. ಈ ಗುಳಿಗೆಯ ಕೆಂಪು ಗುರುತು ಕಾಣುವುದು ರೋಗಿಯ ಮೈಮೇಲೆ. ಮತ್ತೆ ಮತ್ತೆ ವಾಂತಿ, ತಲೆನೋವು, ಕೈನಡುಕ, ನಿದ್ದೆ ಬಾರದಿರುವುದು, ಎದೆ ಬಡಿತದ ಏರುಪೇರು, ಗೊಂದಲದ ಮಾತು ಇವು ಕಂಡರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೆಲವರಲ್ಲಿ ಮುನ್ಸೂಚನೆಯಿಲ್ಲದೆ ನೇರವಾಗಿ ಸೆಳವೇ ಬರಬಹುದು. 108ಕ್ಕೆ ಕರೆ ಮಾಡಿ. ನುಂಗುತ್ತಿದ್ದ ಎಲ್ಲ ಗುಳಿಗೆಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಔಷಧಿಯ ಮಟ್ಟ ತಿಳಿಯಬಲ್ಲರು.

ಗುಳಿಗೆಗಿಂತ ಮೊದಲು

“ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆ, ಗುಳಿಗೆಯೇ ಸಾಕು” ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಇದು ತಲೆಕೆಳಗಾದ ತಿಳಿವಳಿಕೆ. ಸಾಲ್‌ಬ್ಯುಟಮಾಲ್ ಎಂಬ ಔಷಧಿಯನ್ನೇ ನೋಡಿ. 4 ಮಿಲಿಗ್ರಾಂನ ಒಂದು ಗುಳಿಗೆಯಲ್ಲಿರುವುದು ಇನ್‌ಹೇಲರಿನ 100 ಮೈಕ್ರೋಗ್ರಾಂನ 40 ಎಳೆತಗಳಿಗೆ ಸಮ. ಗುಳಿಗೆ ಹೊಲಕ್ಕೆಲ್ಲಾ ಗೊಬ್ಬರ ಎರಚಿದಂತೆ. ಇನ್‌ಹೇಲರ್ ಗಿಡದ ಬುಡಕ್ಕೆ ಇಟ್ಟಂತೆ. ಆದ್ದರಿಂದಲೇ ಇಂದು ಎದೆರೋಗ ತಜ್ಞರು ಉಸಿರಿನ ಮೂಲಕ ಕೊಡುವ ಔಷಧಿಗೇ ಮೊದಲ ಸ್ಥಾನ ಕೊಡುತ್ತಾರೆ. ಇನ್‌ಹೇಲರ್ ಬಳಸುತ್ತಿದ್ದ ಒಂದೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಕಡಿಮೆ ಅಳತೆಯ ಥಿಯೋಫಿಲಿನ್‌ನನ್ನೂ ಸೇರಿಸಿ ಬ್ರಿಟನ್‌ನಲ್ಲಿ ಮಾಡಿದ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂತು. ರೋಗ ಕೆರಳುವುದು ಅದರಿಂದ ಕಡಿಮೆಯಾಗಲಿಲ್ಲ. ಆದ್ದರಿಂದ ವರ್ಷಗಟ್ಟಲೆ ಒಂದೇ ಚೀಟಿಯಲ್ಲಿ ಗುಳಿಗೆ ಕೊಳ್ಳುತ್ತಿರುವವರು ಒಮ್ಮೆ ತಜ್ಞರ ಬಳಿ ಹೋಗಿ, ಊದುವ ಪರೀಕ್ಷೆ ಮಾಡಿಸಿ, “ಈ ಗುಳಿಗೆ ನನಗೆ ಇನ್ನೂ ಬೇಕೇ?” ಎಂದು ಕೇಳುವುದು ಒಳ್ಳೆಯದು. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಕೇಳದೆ ತಾವಾಗಿಯೇ ನಿಲ್ಲಿಸುವುದೂ ಸರಿಯಲ್ಲ.

ರೋಗದ ಬೇರನ್ನೂ ಕೀಳಬೇಕು. ಭಾರತೀಯ ವಿಜ್ಞಾನ ಮಂದಿರದ ಅಸ್ತ್ರ ವಿಭಾಗದವರು ಹೊಗೆಕೊಳವೆಯ ‘ಅಸ್ತ್ರ ಒಲೆ’ಯನ್ನು ರೂಪಿಸಿ 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ತಂದರು. ಈಗ ಅನಿಲ ಒಲೆ ಬಹಳ ಮನೆಗಳಲ್ಲಿದೆ. ಆದರೂ ಸ್ನಾನದ ನೀರಿಗೆ, ಮುದ್ದೆಗೆ ಸೌದೆ ಒಲೆಯೇ ಉರಿಯುವುದುಂಟು. ಎದೆರೋಗಿ ಇರುವ ಮನೆಯಲ್ಲಿ ಇದು ನಿಲ್ಲಬೇಕು. ಒಕ್ಕಣೆಯ ಕಣದಲ್ಲಿ ರೋಗಿ ಗಾಳಿಗೆ ಎದುರಾಗಿ ನಿಲ್ಲಬಾರದು. ಕಸಕಡ್ಡಿ ಸುಡುವ ಬದಲು ಗೊಬ್ಬರದ ಗುಂಡಿಗೆ ಸೇರಿಸುವುದು ನೆಲಕ್ಕೂ ಎದೆಗೂ ಹಿತ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ನೀವು ಮಣ್ಣಿನ ಪರೀಕ್ಷೆಯ ಕಾರ್ಡನ್ನು ಜೋಪಾನವಾಗಿಡಲು ರೈತರಿಗೆ ಹೇಳುತ್ತೀರಿ. ಹಾಗೆಯೇ ಪ್ರತಿ ಎದೆರೋಗಿಯೂ ಒಂದು ಕಾರ್ಡಿನಲ್ಲಿ ಗುಳಿಗೆಯ ಮೂಲ ಹೆಸರು, ಮಿಲಿಗ್ರಾಂ, ಹೊತ್ತು, ಬೀಡಿಯ ಅಭ್ಯಾಸ, ಇತರ ಕಾಯಿಲೆಗಳು ಇವನ್ನು ಬರೆದು ಜೇಬಿನಲ್ಲಿಡಲು ಹೇಳಿ. ಊರಿನಿಂದ ಮಗನ ಮನೆಗೆ, ಮಗನ ಮನೆಯಿಂದ ಊರಿಗೆ ಹೊರಡುವಾಗ ಬಟ್ಟೆಗಿಂತ ಮೊದಲು ಆ ಕಾರ್ಡು ಚೀಲಕ್ಕೆ ಹೋಗಲಿ. ಯಾವ ವೈದ್ಯರೇ ಆಗಲಿ, ಯಾವ ಅಂಗಡಿಯೇ ಆಗಲಿ, ಮೊದಲು ಅದನ್ನು ತೋರಿಸಲಿ. ಎರಡು ನಿಮಿಷದ ಈ ಕೆಲಸಕ್ಕೆ ಓದು ಬರುವ ಮೊಮ್ಮಗಳೊಬ್ಬಳು ಸಾಕು.

ಪ್ರಶ್ನೆಗಳಿದ್ದರೆ ಕೇಳಿ. ಬೆಳೆಯದಾದರೆ ಉತ್ತರ ಹೇಳುತ್ತೇನೆ. ಗುಳಿಗೆಯ ಸಂಖ್ಯೆಯದಾದರೆ ವೈದ್ಯರ ಬಳಿಗೇ ಕಳಿಸುತ್ತೇನೆ.