ಕಾಲಲ್ಲಿ ಹೊಸಕಿದರೆ ಮುಗಿಯುವುದಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಿನ್ನೆ ಸಂಜೆ ಕಾರ್ಯಕ್ರಮ ಮುಗಿದ ಮೇಲೆ ನಾವು ಹಳೆಯ ವಿದ್ಯಾರ್ಥಿಗಳು ಬಹಳ ಹೊತ್ತು ಬೇವಿನ ಮರದ ಕೆಳಗೆ ನಿಂತು ಹರಟಿದೆವು. ಇಂದು ಬೆಳಿಗ್ಗೆ ಮಕ್ಕಳು ಮೈದಾನ ಗುಡಿಸುತ್ತಿದ್ದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊರದಲ್ಲಿದ್ದ ಸಿಗರೇಟು ತುಂಡುಗಳನ್ನು ತೋರಿಸಿ, "ಸರ್, ಇವು ಹತ್ತಿಯವೇನ್ರೀ? ಗೊಬ್ಬರದ ಗುಂಡಿಗೆ ಹಾಕಲಾ?" ಎಂದು ಕೇಳಿದಳು. ಅವುಗಳಲ್ಲಿ ನನ್ನವೂ ಇದ್ದವು. ನಾಚಿಕೆಯಾಯಿತು. ಶಾಲೆಯ ಆವರಣದಲ್ಲಿ ಸೇದುವುದೇ 2003ರ ಕಾಯ್ದೆಯಂತೆ ತಪ್ಪು. ಆಕೆಗೆ ಆಗ ಕೊಡದ ಉತ್ತರವನ್ನು ಈಗ ಎಲ್ಲರ ಮುಂದೆ ಹೇಳುತ್ತೇನೆ.

ಅದು ಹತ್ತಿಯಲ್ಲ ತಾಯಿ, ಪ್ಲಾಸ್ಟಿಕ್. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಸಾವಿರಾರು ಎಳೆಗಳು ಒಂದೊಂದು ಫಿಲ್ಟರಿನಲ್ಲಿರುತ್ತವೆ. ಸಗಣಿ, ಸೊಪ್ಪೆ ಕೊಳೆತಂತೆ ಅದು ಕೊಳೆಯುವುದಿಲ್ಲ. ವರ್ಷಗಟ್ಟಲೆ ಉಳಿದು ಚೂರುಚೂರಾಗುತ್ತದೆ. ಹೊಗೆಯಿಂದ ಹೀರಿಕೊಂಡ ನಿಕೋಟಿನ್ ಮತ್ತಿತರ ವಿಷಗಳನ್ನು ಮಳೆ ಬಂದಾಗ ನೀರಿಗೆ ಬಿಡುತ್ತದೆ. ಅಮೆರಿಕದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಲೀಟರ್ ನೀರಿಗೆ ಸುಮಾರು ಒಂದು ಸೇದಿದ ತುಂಡಿನಂತೆ ನೆನೆಸಿದ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ ಅರ್ಧದಷ್ಟು ನಾಲ್ಕು ದಿನಗಳಲ್ಲಿ ಸತ್ತವು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ತುಂಡುಗಳು ಹೀಗೆ ಬೀಳುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನಾವು ಕಾಲಲ್ಲಿ ಹೊಸಕಿ ಮುಗಿಯಿತು ಅಂದುಕೊಳ್ಳುತ್ತೇವೆ. ಮಳೆ ಬಂದರೆ ಆ ತುಂಡು ಮೋರಿಗೆ, ಮೋರಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತದೆ. ಕೆರೆ ಎಂದರೆ ನಮಗೆ ಸಣ್ಣ ಮಾತಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಕರಿಜಾಲಿ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಮರಿಗಳಿಗೆ ತಿನ್ನಿಸುವುದು ನೀರಿನಲ್ಲಿ ಸಿಗುವ ಮೀನನ್ನೇ.

"ನಾವು ಸೇದೋದು ಬೀಡಿ, ಅದಕ್ಕೆ ಫಿಲ್ಟರ್ ಎಲ್ಲಿದೆ?" ಎಂದು ಹಿರಿಯರು ಕೇಳಬಹುದು. ನಿಜ. ಆದರೆ ಅದರಲ್ಲಿ ಕಿಡಿ ಇದೆ. ಬೇಸಿಗೆಯಲ್ಲಿ ಕೂಡ್ಲಿಗಿ ಕಡೆಯ ಗುಡ್ಡಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಗುಡೇಕೋಟೆಯ ಕರಡಿಧಾಮ ಇರುವುದೂ ಅಲ್ಲೇ. ಆರದ ಒಂದು ಮೋಟುಬೀಡಿ ಸಾಕು, ಕರಡಿಯ ಕಾಡೂ ಉರಿಯುತ್ತದೆ, ರೈತನ ಬಣವೆಯೂ ಉರಿಯುತ್ತದೆ. ಕೊಟ್ಟೂರು ತೇರಿಗೆ, ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುವುದೂ ಒಣಗಾಲದಲ್ಲೇ ಎಂಬುದನ್ನು ಮರೆಯಬಾರದು.

ಚಟ ಬಿಡುತ್ತೇನೆಂದು ಮನೆಯಲ್ಲಿ ಎಷ್ಟೋ ಸಲ ಮಾತು ಕೊಟ್ಟು ತಪ್ಪಿದವನು ನಾನು. ಅದಕ್ಕೇ ಇಲ್ಲಿ ದೊಡ್ಡ ಮಾತು ಆಡುವುದಿಲ್ಲ. ಎರಡು ಚಿಕ್ಕ ಮಾತು ಕೊಡುತ್ತೇನೆ. ಶಾಲೆಯ ಬಳಿ ಸೇದುವುದಿಲ್ಲ. ಎಲ್ಲೇ ಆಗಲಿ ತುಂಡನ್ನು ನೆಲಕ್ಕೆ ಎಸೆಯುವುದಿಲ್ಲ. ನಮ್ಮ ತಂಡದ ಗೆಳೆಯರು ಊರಿನ ಪ್ರತಿ ಚಹಾ ಅಂಗಡಿಗೂ ಮರಳು ತುಂಬಿದ ಒಂದು ಡಬ್ಬಿ ಕೊಡಲು ಒಪ್ಪಿದ್ದಾರೆ. ತುಂಬಿದ ಡಬ್ಬಿ ಪಂಚಾಯಿತಿಯ ಕಸದ ಗಾಡಿಗೆ ಹೋಗಲಿ, ಗೊಬ್ಬರದ ಗುಂಡಿಗೆ ಬೇಡ.

ಈ ಶಾಲೆ ನಮಗೆ ಅಕ್ಷರ ಕೊಟ್ಟಿತು. ಐವತ್ತನೇ ವರ್ಷಕ್ಕೆ ನಾವು ಅದರ ಅಂಗಳಕ್ಕೆ ಕಸ ಕೊಟ್ಟು ಹೋಗುವುದು ಬೇಡ. ನಾಳೆ ಬೆಳಿಗ್ಗೆ ಬೇವಿನ ಮರದ ಕೆಳಗೆ ಗುಡಿಸುವ ಸರದಿ ನಮ್ಮದು, ಮಕ್ಕಳದಲ್ಲ. ಎಲ್ಲರೂ ಬನ್ನಿ.